ದನಿ ತಗ್ಗಿಸಬೇಡ

ನನ್ನ ಸೀನಿಯರ್ ಅವರ ಕತ್ತಿನ ಮೇಲೆ ಕಿವಿಯ ಬುಡದಿಂದ ಗಂಟಲಿನ ಕುಳಿಯವರೆಗೆ ಒಂದು ಹೊಲಿಗೆಯ ಗುರುತಿತ್ತು. ವಕೀಲರ ಬಿಳಿ ಬ್ಯಾಂಡ್ ಕಟ್ಟಿಕೊಂಡರೂ ಅದು ಮುಚ್ಚುತ್ತಿರಲಿಲ್ಲ. ಸೆರಗು ಹೊದ್ದು ಮರೆಮಾಡುವ ಗೋಜಿಗೆ ಅವರೂ ಹೋಗುತ್ತಿರಲಿಲ್ಲ. ಗಂಟಲಿನ ಕ್ಯಾನ್ಸರಿಗೆ ಆದ ಆಪರೇಷನ್ ಅವರ ದನಿಯನ್ನು ಮುಕ್ಕಾಲು ಪಾಲು ಕಿತ್ತುಕೊಂಡಿತ್ತು. ಉಳಿದದ್ದು ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂಥ ಪಿಸುಮಾತು. ಆ ಪಿಸುಮಾತಿನಲ್ಲೇ ಅವರು ಸಿವಿಲ್ ಕೋರ್ಟಿನಲ್ಲಿ ವಾದ ಮಾಡುತ್ತಿದ್ದರು.

ನಾನು ಅವರ ಬಳಿ ಸೇರುವ ಮೊದಲು ಬಸವನಗುಡಿಯಿಂದ ಗಾಂಧಿನಗರದವರೆಗೆ ಹಲವು ವಕೀಲರ ಆಫೀಸಿನ ಮೆಟ್ಟಿಲು ಹತ್ತಿ ಇಳಿದಿದ್ದೆ. ನಮ್ಮದು ಮಾವಳ್ಳಿಯಲ್ಲಿ ತರಕಾರಿ ಅಂಗಡಿ. ಮನೆತನದಲ್ಲಿ ಕೋಟು ಹಾಕಿದವರು ಯಾರೂ ಇಲ್ಲ. ಒಬ್ಬರು ‘ಮದುವೆ ಯಾವಾಗ?’ ಎಂದರು, ಇನ್ನೊಬ್ಬರು ‘ನಿಮ್ಮ ಕಡೆಯವರು ಯಾರು ವಕೀಲರಿದ್ದಾರೆ?’ ಎಂದರು. ಚಾಮರಾಜಪೇಟೆಯ ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಕೂತಿದ್ದ ಇವರು ಮಾತ್ರ ಏನನ್ನೂ ಕೇಳಲಿಲ್ಲ. ಒಂದು ಫೈಲನ್ನು ಮೇಜಿನ ಮೇಲೆ ತಳ್ಳಿ, “ಓದಿ ಹೇಳು, ಈ ಹೆಂಗಸಿಗೆ ಏನು ಬೇಕು?” ಎಂದು ಪಿಸುಗುಟ್ಟಿದರು. ಓದಿದೆ. ಗಂಡ ಸತ್ತ ಮೇಲೆ ಬಸವನಗುಡಿಯ ಮನೆಯಿಂದ ಅವಳನ್ನು ಹೊರಹಾಕಲು ಮೈದುನರು ಹೊರಟಿದ್ದರು. ‘ಪಾಲು ಬೇಕು’ ಎಂದು ಶುರುಮಾಡಿದೆ. ಅವರು ಅಲ್ಲವೆಂದು ತಲೆಯಾಡಿಸಿದರು. “ಪಾಲು ಆಮೇಲೆ. ಮೊದಲು ಅವಳು ಮನೆಯೊಳಗೇ ಇರ್ಬೇಕು. ನಾಳೆಯಿಂದ ಬಾ.”

ಅವರೊಂದಿಗೆ ಕೋರ್ಟಿಗೆ ಹೋದ ಮೊದಲ ಬೇಸಿಗೆಯಲ್ಲೇ ಒಂದು ಘಟನೆ ನಡೆಯಿತು. ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಎರಡು ಸಲ ಕಿವಿಗೆ ಕೈ ಹಿಡಿದು, “ಕೇಳಿಸ್ತಾ ಇಲ್ಲ ಮೇಡಂ. ನೀವು ಹೇಳೋದನ್ನ ನಿಮ್ಮ ಜೂನಿಯರ್ ಜೋರಾಗಿ ಹೇಳಲಿ” ಎಂದರು. ನಾನು ಎದ್ದು ನಿಂತೆ. ಸೀನಿಯರ್ ನನ್ನ ತೋಳು ಹಿಡಿದು ಕೂರಿಸಿದರು.

“ನನ್ನ ವಾದ ನಾನೇ ಮಾಡ್ತೀನಿ, ಯುವರ್ ಆನರ್. ಫ್ಯಾನ್ ಆರಿಸೋಕೆ ಹೇಳಿ.”

ಕಟಕಟ ಎನ್ನುತ್ತಿದ್ದ ಹಳೆಯ ಫ್ಯಾನುಗಳು ನಿಂತವು. ಕರಿ ಕೋಟುಗಳೊಳಗೆ ಎಲ್ಲರೂ ಬೆವತರು. ಯಾರೋ ಗೊಣಗಿದರು. ಅವರು ಅವಸರಪಡದೆ, ಒಂದು ಅಂಶವನ್ನೂ ಬಿಡದೆ ವಾದ ಮುಗಿಸಿದರು. ಅಂದಿನಿಂದ ಅವರು ಎದ್ದು ನಿಂತರೆ ಸಾಕು, ಆ ಕೋರ್ಟ್ ಹಾಲಿನ ಅಟೆಂಡರ್ ತಾನಾಗಿಯೇ ಸ್ವಿಚ್ಚಿನ ಕಡೆ ನಡೆಯುತ್ತಿದ್ದ.

ನನ್ನದು ತದ್ವಿರುದ್ಧ. ಅಮ್ಮನ ಜೊತೆ ಅಂಗಡಿಯ ಮುಂದೆ ಗಿರಾಕಿ ಕರೆದು ಬೆಳೆದ ಗಂಟಲು. ಆ ವಿಧವೆಯ ಕೇಸಿನಲ್ಲಿ ಮೊದಲ ಸಲ ಬಾಯಿ ತೆರೆದ ದಿನ ಎದುರು ಪಕ್ಷದ ಹಿರಿಯ ವಕೀಲರು ಹಿಂತಿರುಗಿ ನೋಡಿ, “ಏನಮ್ಮ, ಇದು ಕೋರ್ಟು, ಮಾರ್ಕೆಟ್ ಅಲ್ಲ. ಮೆಲ್ಲಗೆ” ಎಂದರು. ಹಾಲಿನ ತುಂಬ ನಗು. ನಮ್ಮ ಅಂಗಡಿಯ ವಿಷಯ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಕೆನ್ನೆಗೆ ಹೊಡೆದಂತಾಯಿತು.

ಆ ವಾರವಿಡೀ ನಾನು ಮೆಲ್ಲಗೆ ಮಾತಾಡುವುದನ್ನು ಅಭ್ಯಾಸ ಮಾಡಿದೆ. ಆಫೀಸಿನಲ್ಲಿ ಒಂದು ಸಂಜೆ ಸೀನಿಯರ್ ಕಾಫಿ ಲೋಟ ಕೆಳಗಿಟ್ಟರು.

“ಏನಾಗಿದೆ ನಿನ್ನ ಗಂಟಲಿಗೆ?”

ಹೇಳಿದೆ. ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

“ನಿಮ್ಮಮ್ಮ ಆ ದನಿಯಲ್ಲೇ ತಾನೆ ನಿನ್ನ ಓದಿಸಿದ್ದು? ನನ್ನ ದನಿನ ಕಾಯಿಲೆ ಕಿತ್ಕೊಂಡ್ತು. ಕೇಳ್ದೇ ಕಿತ್ಕೊಂಡ್ತು. ನಿನ್ನದನ್ನ ನೀನಾಗೇ ಯಾಕೆ ಕೊಡ್ತೀಯ? ತಪ್ಪು ಮಾತಾಡಿದ್ರೆ ತಿದ್ಕೋ. ದನಿ ಮಾತ್ರ ತಗ್ಗಿಸ್ಬೇಡ.”

ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಕ್ಕೆ ಅವರಿಗೆ ಕೆಮ್ಮು ಹತ್ತಿತು. ನೀರು ಕೊಡಲು ಹೋದರೆ ಕೈಯಿಂದ ತಳ್ಳಿಬಿಟ್ಟರು.

ಎದುರು ಪಕ್ಷದವರು ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಹೋದರು. ಅಷ್ಟರಲ್ಲಿ ಸೀನಿಯರ್‌ಗೆ ಕಾಯಿಲೆ ಮರುಕಳಿಸಿತು. ಇನ್ನೊಂದು ಆಪರೇಷನ್ ಆಗಿ ಅವರು ಆಸ್ಪತ್ರೆಯಲ್ಲಿದ್ದ ವಾರವೇ ತಡೆಯಾಜ್ಞೆಯ ಅರ್ಜಿ ವಿಚಾರಣೆಗೆ ಬಂತು. ಆ ಹೊತ್ತಿಗೆ ಮೈದುನರು ಮನೆಯ ಅಡಿಗೆಕೋಣೆಗೆ ಬೀಗ ಜಡಿದಿದ್ದರು. ನಮ್ಮ ಕಕ್ಷಿದಾರಳು ವರಾಂಡದಲ್ಲಿ ಸ್ಟವ್ ಇಟ್ಟುಕೊಂಡು ಬೇಯಿಸಿಕೊಳ್ಳುತ್ತಿದ್ದಳು.

ಎದುರು ವಕೀಲರು ಎದ್ದು, “ಇವರ ಸೀನಿಯರ್‌ಗೆ ಹುಷಾರಿಲ್ಲ, ಯುವರ್ ಆನರ್. ಪಾಪ, ಈ ಮಗು ಒಂದೇ ಬಂದಿದೆ. ಮುಂದಿನ ವಾಯಿದೆ ಕೊಡಿ” ಎಂದರು.

“ವಕಾಲತ್ತಿನಲ್ಲಿ ನನ್ನ ಸಹಿಯೂ ಇದೆ. ನಾನು ವಾದಕ್ಕೆ ಸಿದ್ಧ” ಎಂದೆ.

“ಮೆಲ್ಲಗಮ್ಮ, ಮೆಲ್ಲಗೆ.”

“ಮೆಲ್ಲಗೆ ಮಾತಾಡ್ದಾಗೆಲ್ಲ ನಿಮಗೆ ವಾಯಿದೆ ಸಿಕ್ಕಿದೆ ಸಾರ್. ಅದಕ್ಕೇ ಜೋರಾಗಿ ಮಾತಾಡ್ತಿದೀನಿ.”

ಈ ಸಲ ನಗು ಬೇರೆ ಕಡೆ ತಿರುಗಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ಮುಂದುವರಿಸಿ” ಎಂದರು. ದನಿ ತಗ್ಗಿಸದೆ ವಾದ ಮುಗಿಸಿದೆ. ಸಂಜೆಗೆ ತಡೆಯಾಜ್ಞೆ ಸಿಕ್ಕಿತು. ಅಡಿಗೆಕೋಣೆ ತೆರೆದುಕೊಡಬೇಕೆಂದೂ ಆದೇಶವಾಯಿತು.

ಕೋಟು ಬಿಚ್ಚದೆ ಮೆಟ್ರೊ ಹತ್ತಿ ಆಸ್ಪತ್ರೆಗೆ ಓಡಿದೆ. ಸೀನಿಯರ್‌ಗೆ ಈಗ ಪಿಸುಮಾತೂ ಉಳಿದಿರಲಿಲ್ಲ. ಸುದ್ದಿ ಹೇಳಿದೆ. ತುಟಿಯಲ್ಲೇ, ‘ಜೋರಾಗಿ?’ ಎಂದು ಕೇಳಿದರು.

“ಕಾರಿಡಾರಿನಲ್ಲಿದ್ದೋರಿಗೂ ಕೇಳಿಸ್ತಂತೆ ಮೇಡಂ.”

ಅವರು ನಕ್ಕರು. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಪಕ್ಕದ ಹಾಸಿಗೆಯವರು ಗಾಬರಿಯಾಗಿ ನರ್ಸನ್ನು ಕರೆದರು.

ಮಳೆಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಚಾಮರಾಜಪೇಟೆಯ ಚಿತಾಗಾರದಲ್ಲಿ ನಾನು ಬಾಯಿಬಿಟ್ಟು ಅತ್ತೆ. ಯಾರೋ ಸುಮ್ಮನಿರಮ್ಮ ಎಂದರು. ಸುಮ್ಮನಿರಲಿಲ್ಲ.

ಹದಿಮೂರು ದಿನ ಕಳೆಯುವಷ್ಟರಲ್ಲಿ ದೊಡ್ಡ ವಕೀಲರೊಬ್ಬರು ತಮ್ಮ ಆಫೀಸಿಗೆ ಕರೆದರು. “ಚೆನ್ನಾಗಿ ಕೆಲಸ ಮಾಡ್ತೀಯಂತೆ. ಸ್ವಲ್ಪ ನಯ ಕಲಿತ್ರೆ ಆಯ್ತು” ಎಂದರು. ಕೈಮುಗಿದು ಎದ್ದುಬಂದೆ. ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಬೋರ್ಡು ಹಾಕಿದೆ. ಈರುಳ್ಳಿ ವಾಸನೆಗೆ ಯಾವ ಕಕ್ಷಿದಾರ ಬರುತ್ತಾನೆ ಎಂದು ಜೊತೆಯವರು ಹಾಸ್ಯ ಮಾಡಿದರು. ಮೊದಲು ಬಂದವಳು ಆ ವಿಧವೆಯೇ. ಅವಳ ಹಿಂದೆ ಇನ್ನೂ ಎಷ್ಟೋ ಹೆಂಗಸರು ಬಂದರು.

ಕಳೆದ ತಿಂಗಳು ಆ ಮನೆಯ ಮೂಲ ದಾವೆಯಲ್ಲೂ ತೀರ್ಪು ನಮ್ಮ ಪರವಾಯಿತು. ಫೋನು ಕೈಗೆತ್ತಿಕೊಂಡ ಮೇಲೆ, ಹೇಳಬೇಕಾದವರು ಇಲ್ಲವೆಂಬುದು ನೆನಪಾಯಿತು. ಮೈದುನರು ಹೈಕೋರ್ಟಿಗೆ ಹೋಗುತ್ತಾರಂತೆ.

ಹೋಗಲಿ. ನಾನೂ ಅಲ್ಲಿಗೆ ಬರುತ್ತೇನೆ.