ಮೂರು ಸಲ ಕಾಫಿ ಕೈಯಾಡಿಸುವ ಹೊತ್ತು

“ಅಮ್ಮ ಗುವಾಹಟೀಲಿ ವಿಮಾನ ಹತ್ಬುಟ್ಳಂತೆ ಅಕ್ಕಾ! ಬೆಂಗ್ಳೂರಿಗೆ ಎಷ್ಟೊತ್ತು?” ಯಸಳೂರಿನ ನಮ್ಮ ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಅಸ್ಸಾಮಿನ ರೂಮಾ ಫೋನ್ ಹಿಡಿದು ಓಡಿಬಂದಳು.

ಮೂರು ಗಂಟೆ ಎಂದೆ. ಅವಳು ನಂಬಲಿಲ್ಲ. ರೈಲಿನಲ್ಲಿ ಮೂರು ದಿನದ ದಾರಿಯೆಂದು ಆರು ವರ್ಷದಿಂದ ಊರಿಗೇ ಹೋಗಿರಲಿಲ್ಲ. ಇಲ್ಲೇ ಹುಟ್ಟಿದ ಮೊಮ್ಮಗಳನ್ನು ರೂಮಾಳ ತಾಯಿ ಇನ್ನೂ ಎತ್ತಿಕೊಂಡಿರಲಿಲ್ಲ.

“ಮೂರು ಸಲ ಕಾಫಿ ಕೈಯಾಡ್ಸೋ ಹೊತ್ತು, ಅಷ್ಟೇನಾ?” ಎಂದಳು.

ಸಮನಾಗಿ ಒಣಗಲೆಂದು ಗಂಟೆಗೊಮ್ಮೆ ಕೈಯಾಡಿಸಬೇಕಾದ ಕಾಫಿಯನ್ನು ಅವತ್ತು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮೂರನೆಯ ಸಲ ಮುಗಿಸುವಷ್ಟರಲ್ಲಿ ಬೆಂಗಳೂರಿನಲ್ಲಿ ಇಳಿದ ಅಮ್ಮನ ಫೋನ್ ಬಂತು. ರೂಮಾ ಕಾಫಿಯ ನಡುವೆಯೇ ಕೂತು ಅತ್ತಳು.

ನನ್ನ ತವರು ಆಲೂರು. ಬಸ್ಸಿನಲ್ಲಿ ಎರಡೇ ಗಂಟೆ. ಮಳೆ ಬಿಡಲಿ, ಕೊಯ್ಲು ಮುಗಿಯಲಿ ಎನ್ನುತ್ತಲೇ ನಾನು ಅಮ್ಮನನ್ನು ನೋಡದೆ ವರ್ಷ ಕಳೆದಿದ್ದೆ.