ಹುಳುಮನೆಯ ಗಿಟಾರು

ಬೆಂಗಳೂರಿನವರು ಕಾರಿನಿಂದ ಇಳಿಯುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಗಿಟಾರನ್ನು ಅವರಿಗೆ ಕೊಟ್ಟಾಗಿತ್ತು. ಉಳಿದಿದ್ದು ಮರ್ಯಾದೆಗೆಂದು ಒಂದಿಷ್ಟು ಹಿಂದೆ ಮುಂದೆ ನೋಡುವ ನಾಟಕ ಮಾತ್ರ.

ನಾನು ಹುಟ್ಟುವ ಮೊದಲೇ ಜಪಾನಿನಲ್ಲಿ ತಯಾರಾದ ಎಲೆಕ್ಟ್ರಿಕ್ ಗಿಟಾರು ಅದು. ಚನ್ನಪಟ್ಟಣದ ಆರ್ಕೆಸ್ಟ್ರಾ ಒಂದರಲ್ಲಿ ಮದುವೆಗೆ ಮುಂಚಿನಿಂದಲೂ ಅದನ್ನೇ ನುಡಿಸಿದ್ದೆ. ಕನಕಪುರ, ಮಾಗಡಿ ಕಡೆಯ ಗಣೇಶನ ಪೆಂಡಾಲುಗಳಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ತಿಳಿಯದು, ಕೆಂಪು ಗಿಟಾರಿನವನು ಎಂದರೆ ತಿಳಿಯುತ್ತಿತ್ತು. ಆರ್ಕೆಸ್ಟ್ರಾ ಮುಚ್ಚಿದಾಗ ಮಾಲೀಕರು ಅದನ್ನು ನನ್ನ ಕೈಗೇ ಕೊಟ್ಟು ಕಣ್ಣೊರೆಸಿಕೊಂಡಿದ್ದರು. ಈಗ ಅದಕ್ಕೂ ವಯಸ್ಸಾಗಿದೆ. ಸ್ಪೀಕರಿಗೆ ಹಾಕಿದರೆ ಗುಂಯ್ ಎನ್ನುತ್ತದೆ, ಪಲ್ಲವಿಯ ನಡುವೆಯೇ ಮುನಿಸಿಕೊಂಡು ಸುಮ್ಮನಾಗುತ್ತದೆ. ಹಳೆಯ ಗೆಳೆಯರು ಈ ವರ್ಷ ಮತ್ತೆ ಸ್ಟೇಜ್ ಹತ್ತೋಣವೆಂದು ಹಟ ಹಿಡಿದಿದ್ದರು. ಅಂಥ ಹೊತ್ತಿನಲ್ಲಿ, ಮೊಬೈಲಿನಲ್ಲಿ ಅದರ ಫೋಟೋ ನೋಡಿದ್ದ, ಹಳೆಯ ಗಿಟಾರುಗಳನ್ನು ಕೂಡಿಡುವ ಈ ಬೆಂಗಳೂರಿನವರು, "ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ ಸಾರ್. ಹೊಸ ಗಿಟಾರು, ಆಂಪ್ಲಿಫೈಯರ್ ಎರಡೂ ಕೊಡ್ತೀನಿ, ಬದಲಾಯಿಸ್ಕೊಳ್ಳೋಣ" ಎಂದರೆ ಬೇಡ ಎನ್ನಲು ನನಗೇನು ತಲೆ ಕೆಟ್ಟಿತ್ತೇ?

ಹೆಂಡತಿಯ ಅಡ್ಡಿಯೂ ಇರಲಿಲ್ಲ. ಅಕ್ಕೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿನ ಯಜಮಾನಿಕೆ ಅವಳದು. ಗಿಟಾರಿನ ಉದ್ದನೆಯ ಪೆಟ್ಟಿಗೆ ಕಂಡಾಗಲೆಲ್ಲ, "ಇದೊಂದ್ ಹೋದ್ರೆ ಇನ್ನೊಂದೆರಡು ಚಂದ್ರಿಕೆ ಒರಗುಸ್ಬೋದು" ಎನ್ನುವಳು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮುಂದೆ ನನ್ನ ಕಲೆಗೆ ಅಷ್ಟೇ ಬೆಲೆ.

ಬಂದವರನ್ನು ಅವಳು ಅಂಗಳದಲ್ಲೇ ತಡೆದಳು. "ನಾಕ್ನೇ ಜ್ವರ ಎದ್ದು ಹುಳ ಮೇಯ್ತಾ ಅವೆ. ಹೊರಗಿನೋರ್ನ ಈಗ ಒಳಕ್ ಬುಡಾಕಿಲ್ಲ, ತಪ್ ತಿಳ್ಕಬೇಡಿ. ಸ್ಪೀಕರ್ ಸದ್ದೂ ಇಲ್ಬೇಡ." ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ; ನಾಲ್ಕನೆಯದು ಕಳೆದ ಮೇಲೆ ಸೋಂಕಿನ ಭಯ ಹೆಚ್ಚು. ನನಗೋ ಸಂಕೋಚ. ಅವರು ಮಾತ್ರ ನಗುತ್ತಾ ಆಂಪ್ಲಿಫೈಯರ್ ಎತ್ತಿಕೊಂಡರು. ಹಿಪ್ಪುನೇರಳೆ ತೋಟದ ಪಂಪ್‌ಸೆಟ್ ಮನೆಯಲ್ಲಿ ಪ್ಲಗ್ ಇತ್ತು, ಅಲ್ಲಿಗೆ ಹೋದೆವು.

ಹೊಸ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಒಂದು ತಂತಿ ಮೀಟಿದೆ. ಅಬ್ಬಾ! ಗುಂಯ್ ಇಲ್ಲ, ಮುನಿಸಿಲ್ಲ, ನೀರಿನಂತೆ ಹರಿಯಿತು. ಬೆರಳಿಗೆ ಮೊದಲಿನ ವಯಸ್ಸು ಬಂದಂತಾಯಿತು. ಸೊಪ್ಪು ಕೊಯ್ಯುತ್ತಿದ್ದ ಪಕ್ಕದ ತೋಟದವನು ಕುಡುಗೋಲು ಹಿಡಿದೇ ಬದುವಿಗೆ ಬಂದು, "ಏನ್ಲಾ ಇದು, ಹಬ್ಬ ಇಲ್ಲೇ ಮಾಡ್ಬುಟ್ಯಲ್ಲಾ!" ಎಂದು ಕೂಗಿದ. ನಾನು ಉಬ್ಬಿಹೋದೆ. ಇನ್ನೇನು ಪೆಟ್ಟಿಗೆಗಳನ್ನು ಅದಲು ಬದಲು ಮಾಡಬೇಕು, ಹೆಂಡತಿ ಖಾಲಿ ಮಂಕರಿ ಹಿಡಿದು ಸೊಪ್ಪಿಗೆ ಬಂದಳು.

"ಕರೆಂಟ್ ತಗ್ದು ಒಸಿ ನುಡ್ಸಿ" ಎಂದಳು.

ತೆಗೆದೆ. ಮೀಟಿದೆ. ಟಿಕ್ ಟಿಕ್ ಎಂದಿತು, ಅಷ್ಟೇ.

"ನಮ್ದು?"

ಕೆಂಪು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಸಣ್ಣಗೆ, ಹತ್ತಿರ ನಿಂತವರಿಗಷ್ಟೇ ಎಂಬಂತೆ ಅದು ಹಾಡಿತು. ಬಂದವರು ವಿವರಿಸಿದರು: "ನಿಮ್ಮದರ ಹೊಟ್ಟೆ ಟೊಳ್ಳು ಅಮ್ಮ, ಈ ಹೊಸದು ಗಟ್ಟಿ ಮರ. ಕರೆಂಟ್ ಇಲ್ದೆ ಎಲೆಕ್ಟ್ರಿಕ್ ಗಿಟಾರ್ ಯಾರೂ ನುಡಿಸಲ್ಲ ಬಿಡಿ."

"ನಮ್ಮನೇಲಿ ನುಡುಸ್ತಾರೆ" ಎಂದಳು ಅವಳು.

ನಿಜ. ಆರ್ಕೆಸ್ಟ್ರಾ ಮುಗಿಸಿ ಬೆಳಗಿನ ಜಾವ ಬರುತ್ತಿದ್ದ ದಿನಗಳಲ್ಲಿ, ಬೈಗುಳ ತಪ್ಪಿಸಿಕೊಳ್ಳಲು ನೇರ ಹುಳುಮನೆಗೆ ಹೋಗಿ ಮೂಲೆಯಲ್ಲಿ ಕೂತು ಹಾಗೇ ಮೀಟುತ್ತಿದ್ದೆ. ಅವಳು ಸೊಪ್ಪು ಹಾಸುತ್ತಿದ್ದಳು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಆದರೆ ಅವಳು ಒಂದು ದಿನವೂ ಚೆನ್ನಾಗಿದೆ ಎಂದವಳಲ್ಲ. ಕೇಳಿಸಿಕೊಳ್ಳುತ್ತಾಳೆಂದೇ ನಾನು ತಿಳಿದಿರಲಿಲ್ಲ.

"ಬದ್ಲಾಯ್ಸದು ನಿಮ್ಮಿಷ್ಟ" ಎಂದು ಮಂಕರಿ ಕೆಳಗಿಟ್ಟಳು. "ನಾಳೆ ಹೊತ್ತಾರೆ ನಂಗೇನ್ ಕೇಳುಸ್ತೀರಾ, ಅದೇಳಿ."

ಸಂತೋಷಕ್ಕೆ ನಗು ಬಂತು, ಕಣ್ಣೂ ತುಂಬಿತು. ಸ್ಟೇಜಿನ ಮೇಲೆ ಗುಂಯ್ ಎಂದರೆ ಎನ್ನಲಿ, ರಿಪೇರಿ ಮಾಡಿಸಿದರಾಯಿತು. ಬಂದವರಿಗೆ ಕೈ ಮುಗಿದು, "ಕೊಡಾಕಾಗಲ್ಲ, ಬೇಜಾರ್ ಮಾಡ್ಕಬೇಡಿ" ಎಂದೆ. ಅವರು ನಿಟ್ಟುಸಿರು ಬಿಟ್ಟು ಕೆಂಪು ಗಿಟಾರಿನ ಬೆನ್ನನ್ನೊಮ್ಮೆ ಸವರಿದರು. ಊಟ ಮಾಡಿಸದೆ ಕಳಿಸುವುದಿಲ್ಲವೆಂದು ಹೆಂಡತಿ ಹಟ ಮಾಡಿದಳು.

ಅನ್ನ ಬೇಯುವಷ್ಟರಲ್ಲಿ ಅವಳು ಹುಳುವಿಗೆ ಸೊಪ್ಪು ಹಾಕಲು ಹೋದಳು. ನಾನು ಕಾಲು ತೊಳೆದು, ಗಿಟಾರು ಹಿಡಿದು ಹಿಂದೆಯೇ ನುಗ್ಗಿದೆ. ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂತು ಶುರು ಮಾಡಿದೆ. ಬಂದವರು ಹೊರಗೆ ಬಾಗಿಲ ಹತ್ತಿರವೇ ನಿಂತಿದ್ದರೇನೋ.

"ನುಡಿಸ್ತಿದ್ದೀರಾ ಸಾರ್? ಏನೂ ಕೇಳಿಸ್ತಾ ಇಲ್ಲ!" ಎಂದು ಕೂಗಿದರು.

ನನ್ನ ಹೆಂಡತಿ ಸೊಪ್ಪು ಹಾಸುತ್ತಾ, ತಲೆ ಎತ್ತದೆ ಹೇಳಿದಳು: "ನಂಗ್ ಕೇಳುಸ್ತೈತೆ."