ಉಪ್ಪು ಹಾಕಿದವರು ಕೂಗುವ ಊರು

ಪುತ್ತೂರಿನ ಅಡುಗೆ ತಂಡದಲ್ಲಿ ಮೊದಲ ದಿನವೇ ಬೆಚ್ಚಿ ಸೌಟು ಬೀಳಿಸಿದೆ. ಹಿಂದೆ ನಿಂತವನೊಬ್ಬ "ಸಾಂಬಾರಿಗೆ ಉಪ್ಪು ಹಾಕಿ ಆಯ್ತು!" ಎಂದು ಗಂಟಲು ಹರಿಯುವಂತೆ ಕೂಗಿದ್ದ. ಉಳಿದವರೆಲ್ಲ "ಆಯ್ತು" ಎಂದರು. ಇಲ್ಲಿ ಉಪ್ಪು ಹಾಕಿದವರು ಕೂಗಿ ಹೇಳಬೇಕು, ತಪ್ಪು ಮಾಡಿದವರೂ ಕೂಗಿ ಹೇಳಬೇಕು. ನಮ್ಮ ಮೈಸೂರಿನ ಅಡುಗೆ ಭಟ್ಟರ ಮುಂದೆ ಕೆಮ್ಮುವುದೂ ಕಷ್ಟ; ತಪ್ಪೊಪ್ಪಿಕೊಂಡವನಿಗೆ ಮರುದಿನ ಕೆಲಸವಿಲ್ಲ. ನಾನು ಹಾಗೆ ಹೊರಬಿದ್ದವನೇ. ಪುತ್ತೂರು ನಮ್ಮ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನೂ ಪುತ್ತೂರು ಸೇರಿದೆ.

ಪುತ್ತೂರು ಪೇಟೆಯ ದರ್ಬೆಯಲ್ಲೊಂದು ಕೋಣೆ ಹಿಡಿದೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ತಿಂಗಳು ಬೇಕಾಯಿತು. ತಂಡದವರು ತುಳುವಿನಲ್ಲಿ ಏನೋ ಹೇಳಿ ನಕ್ಕರೆ ನನ್ನನ್ನೇ ನೋಡಿ ನಕ್ಕರೆಂದು ಮುಖ ಊದಿಸಿಕೊಳ್ಳುತ್ತಿದ್ದೆ. ಬಹಳ ಒಂಟಿಯಾಗಿದ್ದೆ.

ಬೆಟ್ಟಂಪಾಡಿಯ ಒಂದು ಮದುವೆಯಲ್ಲಿ ಮಜ್ಜಿಗೆಹುಳಿ ನನ್ನ ಪಾಲಿಗೆ ಬಂತು. ಎಲೆ ಹಾಕುವ ಹೊತ್ತಿಗೆ ತಳ ಕೆದಕಿ ನೋಡಿದೆ. ಹಿತ್ತಾಳೆ ಕೊಪ್ಪರಿಗೆಯ ಒಳಗಿನ ತವರದ ಕಲಾಯಿ ಹೋಗಿತ್ತು, ನಾನು ನೋಡದೆ ತುಂಬಿಸಿದ್ದೆ. ಹುಳಿ ತಾಗಿದರೆ ಹಿತ್ತಾಳೆ ಕಿಲುಬು ಬಿಡುತ್ತದೆ, ಉಂಡವರು ವಾಂತಿ ಮಾಡಿಕೊಳ್ಳುತ್ತಾರೆ. ಹೇಳಿದರೆ ಈ ಕೆಲಸವೂ ಹೋಯಿತು. ಸುಮ್ಮನಿದ್ದರೆ ಹಂದರ ತುಂಬ ಕೂತವರು ಉಣ್ಣುತ್ತಾರೆ. ಕೊನೆಗೆ ಕೂಗಿದೆ: "ಮಜ್ಜಿಗೆಹುಳಿ ಬಡಿಸಬೇಡಿ! ನಾನು ಕಲಾಯಿ ನೋಡಲಿಲ್ಲ."

ತಂಡದ ಹಿರಿಯ ಶಂಭಣ್ಣ ಓಡಿಬಂದು ಕೊಪ್ಪರಿಗೆಗೆ ಬಗ್ಗಿ ನೋಡಿದರು. ನಾನು ಕೈ ಒರೆಸುವ ಬೈರಾಸು ಹೆಗಲ ಮೇಲೆ ಹಾಕಿ ಹೊರಟೆ.

"ಎಲ್ಲಿಗೆ ಹೋಗುದು ಮಾರಾಯ? ಕಾಯಿ ತುರಿ. ತಂಬುಳಿ ಮಾಡುವ."

ತಂಬುಳಿ ಎಂದರೆ ಅರೆದ ಕಾಯಿಗೆ ಮಜ್ಜಿಗೆ ಬೆರೆಸಿದ್ದು, ಕುದಿಸುವ ಗೋಜಿಲ್ಲ. ತುರಿಯತೊಡಗಿದೆ. "ನೀವು ಬೈಯಲೇ ಇಲ್ಲ," ಎಂದೆ.

"ಬೈದರೆ ಮುಂದಿನ ಸಲ ನೀನು ಹೇಳ್ತೀಯಾ? ಪಾತ್ರೆ ತೆಗೆದು ಕೊಟ್ಟದ್ದು ನಾನು. ನನಗೂ ಕಣ್ಣು ಉಂಟಲ್ಲ?"

ಅಂದಿನಿಂದ ತಂಡದಲ್ಲಿ ನನ್ನ ಕೂಗೇ ಜೋರು. ಈಗ ತುಳುವಿನಲ್ಲೂ ಕೂಗುತ್ತೇನೆ.

ಹೋದ ವರ್ಷ ತಂಗಿಯ ಮದುವೆಗೆ ಮೈಸೂರಿಗೆ ಹೋಗಿದ್ದೆ. ಅಡುಗೆಗೆ ನನ್ನನ್ನು ಹೊರಹಾಕಿದ ಅದೇ ಹಳೆಯ ಭಟ್ಟರು. ಬಿಸಿಬೇಳೆ ಹುಳಿಯನ್ನದ ವಾಸನೆಗೆ ಕಣ್ಣು ತುಂಬಿತು, ಮನೆಗೆ ಬಂದೆ ಎನ್ನಿಸಿತು. ಅಷ್ಟರಲ್ಲಿ ಒಬ್ಬ ಸಾರಿಗೆ ಉಪ್ಪು ಹಾಕಿ ಹೋದ. ಇನ್ನೊಬ್ಬ ಬಂದು ಮತ್ತೆ ಹಾಕಿದ. ಕೂಗಲು ಬಾಯಿ ತೆರೆದೆ. ಭಟ್ಟರು ತಿರುಗಿ ನೋಡಿದರು. ಬಾಯಿ ಮುಚ್ಚಿಕೊಂಡೆ.

ತಂಗಿಯ ಮದುವೆಯ ಸಾರು ಉಪ್ಪುಪ್ಪಾಗಿತ್ತು. ಎಲ್ಲರ ಜೊತೆ ಕೂತು ನಾನೂ ಮಾತಿಲ್ಲದೆ ಉಂಡೆ.